ಆಡುವವರ ದೂರು, ಆಟದ ತೂಕ

ಆಟವೊಂದು ಜನರನ್ನು ಹಿಡಿದು ಕೂರಿಸುವುದಕ್ಕೆ ಎರಡು ಸಂಗತಿ ಸರಿಯಿರಬೇಕು. ಮೊದಲನೆಯದು ಸಮತೋಲ. ಆಡುವವರ ಮುಂದಿರುವ ಆಯ್ಕೆಗಳಲ್ಲಿ ಯಾವುದೂ ಉಳಿದವನ್ನೆಲ್ಲ ನುಂಗಿಹಾಕುವಷ್ಟು ಬಲವಾಗಿರಬಾರದು, ಯಾರೂ ಮುಟ್ಟದಷ್ಟು ಸಪ್ಪೆಯಾಗಿಯೂ ಇರಬಾರದು. ಎರಡನೆಯದು ಮುನ್ನಡೆ. ಆಡುತ್ತ ಹೋದಂತೆ ಕಷ್ಟ ಎಷ್ಟು ಬೇಗ ಏರುತ್ತದೆ, ಹೊಸ ಶಕ್ತಿಯೋ ಹೊಸ ಹಂತವೋ ಎಷ್ಟು ಹೊತ್ತಿಗೊಮ್ಮೆ ಸಿಗುತ್ತದೆ ಎಂಬ ಲೆಕ್ಕ ಅದು. ಇವೆರಡರಲ್ಲಿ ಯಾವುದು ತಪ್ಪಿದರೂ ಮೊದಲು ಗೊತ್ತಾಗುವುದು ಆಡುವವರಿಗೆ. ಆಟ ಕಟ್ಟಿದವರಿಗೆ ಅದು ಕಾಣುವುದು ಕಷ್ಟ. ತಿಂಗಳುಗಟ್ಟಲೆ ಅದನ್ನೇ ಆಡಿ ಆಡಿ ಅವರ ಕೈ ಪಳಗಿರುತ್ತದೆ, ಯಾವ ಮೂಲೆಯಲ್ಲಿ ಏನು ಕಾದಿದೆ ಎಂಬುದು ಬಾಯಿಪಾಠವಾಗಿರುತ್ತದೆ. ಹೊಸಬರಿಗೆ ಬೆವರಿಳಿಸುವ ಹಂತ ಅವರಿಗೆ ತೀರಾ ಸುಲಭವೆನಿಸುತ್ತದೆ.

ದೊಡ್ಡ ಕಂಪನಿಗಳಲ್ಲಿ ಆಟವನ್ನು ಆಡಿ ತಪ್ಪು ಹುಡುಕುವುದಕ್ಕೆಂದೇ ಸಂಬಳದ ಜನರಿರುತ್ತಾರೆ. ಇಂಡೀ ಗೇಮ್ ಎಂದು ಕರೆಯುವ ಸಣ್ಣ ಆಟಗಳಿಗೆ ಆ ಅನುಕೂಲವಿಲ್ಲ. ಒಬ್ಬರೋ ಇಬ್ಬರೋ ಸೇರಿ, ಹೆಚ್ಚಾಗಿ ಕೈಯಿಂದಲೇ ದುಡ್ಡು ಹಾಕಿ ಕಟ್ಟುವ ಆಟಗಳಿವು. ಚಿತ್ರ ಬಿಡಿಸುವುದು, ಕೋಡ್ ಬರೆಯುವುದು, ಯಾವ ಕತ್ತಿಗೆ ಎಷ್ಟು ಪೆಟ್ಟು ಎಂದು ಲೆಕ್ಕ ಹಾಕುವುದು ಎಲ್ಲ ಅವರದೇ. ಹಾಗಾಗಿ ಆಡುವವರೇ ಪರೀಕ್ಷಕರೂ ಆಗುತ್ತಾರೆ. 2013ರ ಮಾರ್ಚಿನಲ್ಲಿ ಸ್ಟೀಮ್ ಎಂಬ ಗೇಮ್ ಮಾರಾಟ ತಾಣ ‘ಅರ್ಲಿ ಆ್ಯಕ್ಸೆಸ್’ ಎಂಬ ಏರ್ಪಾಟು ತಂದ ಮೇಲೆ ಇದು ಬಹಿರಂಗ ಪದ್ಧತಿಯೇ ಆಯಿತು. ಇನ್ನೂ ಮುಗಿಯದ ಆಟವನ್ನು, ಮುಗಿದಿಲ್ಲ ಎಂದು ಹೇಳಿಯೇ ಮಾರಾಟಕ್ಕಿಡುವುದು. ಕೊಂಡವರು ಆಡಿ ಹೇಳಿದ್ದನ್ನು ಕೇಳಿ ಉಳಿದದ್ದನ್ನು ಕಟ್ಟುವುದು. ಇಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿ ಮತ್ತಿತರ ಆ್ಯಪ್‌ಗಳ ಮಾತಿಲ್ಲ. ಅವುಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಈ ಬರಹದ ಆಟಗಳಲ್ಲಿ ಪಣಕ್ಕಿರುವುದು ಆಡುವವರ ಹೊತ್ತು ಮಾತ್ರ.

ಆಡುವವರ ಮಾತಿಗೆ ತಕ್ಕಂತೆ ಆಟ ತಿದ್ದಿಕೊಳ್ಳುವುದು ಕಂಪ್ಯೂಟರಿನ ಜೊತೆ ಹುಟ್ಟಿದ್ದೇನೂ ಅಲ್ಲ. ಕನ್ನಡನಾಡಿನಲ್ಲಿ ಇದಕ್ಕೆ ಚೌಕಾಬಾರಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಅಥಣಿ ತಾಲ್ಲೂಕಿನ ಐಗಳಿಯಿಂದ ಮೈಸೂರಿನವರೆಗೆ ಊರಿಗೊಂದು ಹೆಸರು, ಮನೆಗೊಂದು ಕಾನೂನು ಇಟ್ಟುಕೊಂಡಿರುವ ಆಟ ಇದು. ಚಕ್ಕಾ, ಕಟ್ಟೆಮನೆ ಎಂದರೂ ಇದೇ. ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ಆಡುವವರು ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎಸೆಯುವುದಕ್ಕೆ ನಾಲ್ಕು ಕವಡೆ, ಅವಿಲ್ಲದಿದ್ದರೆ ಹೋಳು ಮಾಡಿದ ಹುಣಸೆ ಬೀಜ. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬೋರಲು ಬಿದ್ದರೆ ಎಂಟು. ನಾಲ್ಕೋ ಎಂಟೋ ಬಿದ್ದವರಿಗೆ ಮತ್ತೆ ಎಸೆಯುವ ಹಕ್ಕು, ಎದುರಾಳಿಯ ಕಾಯಿ ಕಡಿದವರಿಗೂ ಅಷ್ಟೇ. ಕತ್ತರಿ ಗುರುತಿನ ಕಟ್ಟೆಯಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ನಡುಮನೆ ಮುಟ್ಟಿದ ಕಾಯಿ ಹಣ್ಣು.

ಈ ಆಟದ ಅಂಕಿಗಳನ್ನು ಬಿಡಿಸಿ ನೋಡಿದರೆ ಅದರ ತೂಕ ಎಷ್ಟು ಸೂಕ್ಷ್ಮವಾಗಿದೆ ಎಂಬುದು ಕಾಣುತ್ತದೆ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ನಾಲ್ಕು ಕವಡೆ ಬೀಳಬಹುದಾದ ಬಗೆಗಳು 16. ಅದರಲ್ಲಿ ಎರಡರ ಗರ ಬೀಳುವುದು ಆರು ಬಗೆಯಲ್ಲಿ, ಒಂದು ಮತ್ತು ಮೂರು ತಲಾ ನಾಲ್ಕು ಬಗೆಯಲ್ಲಿ, ನಾಲ್ಕು ಒಂದೇ ಬಗೆಯಲ್ಲಿ, ಎಂಟೂ ಒಂದೇ ಬಗೆಯಲ್ಲಿ. ಸರಾಸರಿ ತೆಗೆದರೆ ಒಂದು ಎಸೆತಕ್ಕೆ ಎರಡೂವರೆ ಮನೆ. ಗರದಿಂದಲೇ ಮರು ಎಸೆತ ಸಿಗುವುದು ಎಂಟಕ್ಕೊಂದು ಸಲ. ಸರಾಸರಿಯ ಮೂರು ಪಟ್ಟಿಗೂ ಮಿಕ್ಕಿದ ಎಂಟರ ಗರ ಅಪರೂಪಕ್ಕೆ ಬೀಳುತ್ತದೆ, ಆದರೆ ಬಿದ್ದೇ ಬೀಳುತ್ತದೆ. ಹಿಂದೆ ಉಳಿದವರ ಆಸೆ ಅದರಿಂದಾಗಿ ಕೊನೆಯ ತನಕ ಬತ್ತುವುದಿಲ್ಲ. ಕೊನೆಯಲ್ಲಿ ಮಾತ್ರ ಆ ಎಂಟೇ ಕೆಲಸಕ್ಕೆ ಬಾರದಂತಾಗುತ್ತದೆ, ಹಣ್ಣಾಗಲು ಒಂದೇ ಮನೆ ಉಳಿದಿದ್ದರೆ ಒಂದರ ಗರವೇ ಬೀಳಬೇಕು ಎಂಬ ಕಾನೂನಿರುವ ಮನೆಗಳಲ್ಲಿ. ಮುಂದೆ ಓಡಿದವರು ಬಾಗಿಲ ಬಳಿ ತಡೆದು ನಿಲ್ಲುತ್ತಾರೆ, ಹಿಂದಿನವರು ಅಷ್ಟರಲ್ಲಿ ಹತ್ತಿರ ಬಂದಿರುತ್ತಾರೆ. ನಿಜವಾದ ಕವಡೆಗೆ ಒಂದು ಬದಿ ಉಬ್ಬು, ಇನ್ನೊಂದು ಬದಿ ಚಪ್ಪಟೆ. ಆದ್ದರಿಂದ ಈ ಲೆಕ್ಕ ಕವಡೆಯಿಂದ ಕವಡೆಗೆ ಕೊಂಚ ಸರಿಯುತ್ತದೆ. ಕೆಲವರು ತಮ್ಮ ಕವಡೆಯನ್ನೇ ತಂದು ಆಡುವುದೇಕೆ ಎಂಬುದಕ್ಕೂ ಉತ್ತರ ಅಲ್ಲಿಯೇ ಇದೆ.

ಕಟ್ಟೆಗಳಿರುವ ಆಟಕ್ಕೆ ಒಂದು ಅಪಾಯವುಂಟು. ಕಾಯನ್ನು ಕಟ್ಟೆಯಿಂದ ಕಟ್ಟೆಗೆ ದಾಟಿಸುತ್ತ, ಯಾರ ಜೊತೆಗೂ ಜಗಳಕ್ಕಿಳಿಯದೆ ಸುತ್ತು ಮುಗಿಸುವುದೇ ಜಾಣತನವಾಗಿಬಿಡಬಹುದು. ಎಲ್ಲರೂ ಹಾಗೆ ಆಡಿದರೆ ಉಳಿಯುವುದು ಕವಡೆ ಎಸೆಯುವ ಕೆಲಸ ಮಾತ್ರ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮ ಈ ದಾರಿಯನ್ನು ಮುಚ್ಚಿಹಾಕುತ್ತದೆ. ಇಂದಿನ ಗೇಮ್ ತಯಾರಕರು ಮುಂದಿನ ಹಂತಕ್ಕೆ ಹೋಗುವ ಮುನ್ನ ಇಂಥದ್ದೊಂದು ಕೆಲಸ ಮುಗಿಸಲೇಬೇಕು ಎಂದು ಬೀಗ ಹಾಕುವುದು ಇದೇ ಉದ್ದೇಶಕ್ಕೆ. ಸತತ ಮೂರು ಸಲ ದೊಡ್ಡ ಗರ ಬಿದ್ದರೆ ಮೂರೂ ರದ್ದು ಎಂಬ ಕಾನೂನೂ ಕೆಲವು ಮನೆಗಳಲ್ಲಿದೆ. ಅದೃಷ್ಟ ಒಬ್ಬರ ಬೆನ್ನು ಹತ್ತಿ ಆಟವೇ ಒಂದೇ ಸರದಿಯಲ್ಲಿ ಮುಗಿದುಹೋಗದಿರಲಿ ಎಂಬುದಕ್ಕೆ. ಈ ನಿಯಮಗಳನ್ನು ಯಾರು, ಯಾವಾಗ ಸೇರಿಸಿದರು ಎಂಬ ದಾಖಲೆಯಿಲ್ಲ. ಸೋತವರು ಗೊಣಗಿರಬೇಕು, ಉಳಿದವರು ಒಪ್ಪಿರಬೇಕು, ಮರುದಿನದ ಆಟಕ್ಕೆ ಕೂರುವ ಮೊದಲೇ ಮಾತಾಡಿಕೊಂಡಿರಬೇಕು. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ ಆಟದ ಮನೆಗಳನ್ನು ಕೊರೆದಿರುವುದು ಇಂದಿಗೂ ಕಾಣುತ್ತದೆ. ಗೆರೆಗಳು ಕಲ್ಲಿನಲ್ಲಿವೆ, ನಿಯಮಗಳು ಮಾತ್ರ ಆಡುವವರ ಬಾಯಲ್ಲೇ ಉಳಿದವು.

ಹುಲಿ–ಕುರಿ ಆಟದ ಸಮಸ್ಯೆ ಇನ್ನೂ ಗಂಟು. ಎರಡೂ ಕಡೆಯ ಬಲ ಒಂದೇ ಬಗೆಯದಾಗಿದ್ದರೆ ತೂಗುವುದು ಸುಲಭ. ಇಲ್ಲಿ ಒಂದು ಕಡೆ ಹಾರಿ ತಿನ್ನುವ ಮೂರು ಹುಲಿ, ಇನ್ನೊಂದು ಕಡೆ ಮೆಲ್ಲಗೆ ಸುತ್ತುಗಟ್ಟಿ ಹುಲಿಯ ದಾರಿ ಮುಚ್ಚಬೇಕಾದ ಹದಿನೈದು ಕುರಿ. ಕುರಿ ಎರಡು ಹೆಚ್ಚಾದರೆ ಹುಲಿ ಉಸಿರುಗಟ್ಟುತ್ತದೆ, ಎರಡು ಕಡಿಮೆಯಾದರೆ ಕುರಿಯ ಕಡೆ ಕೂರುವುದಕ್ಕೆ ಯಾರೂ ಒಪ್ಪುವುದಿಲ್ಲ. ಇದೇ ಬಳಗಕ್ಕೆ ಸೇರಿದ ನೇಪಾಳದ ಬಾಘ್‌ಚಾಲ್‌ನಲ್ಲಿ ನಾಲ್ಕು ಹುಲಿ, ಇಪ್ಪತ್ತು ಮೇಕೆ. ಲಿಮ್ ಯು ಜಿನ್ ಮತ್ತು ಯುರ್ಗ್ ನೀವರ್‌ಗೆಲ್ಟ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಆ ಆಟವನ್ನು ಪೂರ್ತಿ ಜಾಲಾಡಿ, ಎರಡೂ ಕಡೆಯವರು ಒಂದೂ ತಪ್ಪು ಮಾಡದೆ ಆಡಿದರೆ ಅದು ಸಮದಲ್ಲಿ ಮುಗಿಯುತ್ತದೆ ಎಂದು ತೋರಿಸಿದ್ದಾರೆ. ಕಂಪ್ಯೂಟರು ಇಷ್ಟು ಶ್ರಮಪಟ್ಟು ಕಂಡುಕೊಂಡ ತೂಕವನ್ನು ಹಳ್ಳಿಯ ಜನ ಇಪ್ಪತ್ತು ಎಂಬ ಒಂದು ಅಂಕಿಯಲ್ಲಿ ಮೊದಲೇ ಹಿಡಿದಿಟ್ಟಿದ್ದರು.

ಇದಕ್ಕೆ ವಿರುದ್ಧವಾದ ಚಿತ್ರವೂ ಕರ್ನಾಟಕದಲ್ಲೇ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ವಿಷಯದಲ್ಲಿ ಅಪಾರ ಆಸಕ್ತಿಯುಳ್ಳವರು. ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರಣೆಯಿದೆ. ಅವರು ರೂಪಿಸಿದ ಛದ ಎಂಬ ಗಂಜೀಫಾ ಎಲೆಯಾಟಗಳಲ್ಲಿ ಕೆಲವಕ್ಕೆ ನೂರಾರು ಎಲೆಗಳು ಬೇಕು. ಎಲೆಗಳ ಚಿತ್ರಕಲೆ ಇಂದಿಗೂ ಹೆಸರುವಾಸಿ, ಆಟಗಳು ಮಾತ್ರ ಅರಮನೆಯಾಚೆ ಅಷ್ಟಾಗಿ ಹರಡಲಿಲ್ಲ. ಕೈಯಿಂದ ಬರೆದ ಎಲೆಗಳ ಬೆಲೆ ಇದಕ್ಕೊಂದು ಕಾರಣವಿರಬಹುದು. ‘ಪ್ರಭು, ಈ ಆಟ ಉದ್ದವಾಯಿತು, ನೂರು ಎಲೆ ಕಡಿಮೆ ಮಾಡಿ’ ಎಂದು ಸಿಂಹಾಸನದೆದುರು ನಿಂತು ಹೇಳುವವರು ಎಷ್ಟಿದ್ದರು ಎಂಬುದೂ ಯೋಚಿಸಬೇಕಾದ ವಿಷಯವೇ.

ವಿಡಿಯೊ ಗೇಮ್ ಬಂದಾಗ ಒಂದು ದೊಡ್ಡ ವ್ಯತ್ಯಾಸವಾಯಿತು. ಚೌಕಾಬಾರದಲ್ಲಿ ದೂರುವವರೂ ತಿದ್ದುವವರೂ ಒಂದೇ ಜಗುಲಿಯ ಮೇಲೆ ಕೂತಿರುತ್ತಾರೆ. ವಿಡಿಯೊ ಗೇಮಿನ ನಿಯಮ ಕೋಡಿನೊಳಗೆ ಮುಚ್ಚಿಕೊಂಡಿದೆ, ಆಡುವವರ ಕೈಗೆ ಸಿಗುವುದಿಲ್ಲ. ಅದನ್ನು ತೆರೆಯಬಲ್ಲವರು ಎಲ್ಲೋ ದೂರದ ಊರಿನಲ್ಲಿರುವ ಅಪರಿಚಿತರು. ಆಡುವವರಿಗೆ ಉಳಿಯುವುದು ಹೇಳುವ ಹಕ್ಕು ಮಾತ್ರ, ತಯಾರಕರಿಗೆ ಉಳಿಯುವುದು ಆ ಹೇಳಿಕೆಯನ್ನು ಅರ್ಥ ಮಾಡಿಕೊಳ್ಳುವ ಹೊಣೆ. ಎಡವಟ್ಟುಗಳೆಲ್ಲ ಹುಟ್ಟುವುದು ಈ ನಡುವಣ ದೂರದಲ್ಲಿ.

ಅದೃಷ್ಟದ ವಿಷಯವನ್ನೇ ನೋಡಬಹುದು. ಕವಡೆ ಕೈಯಿಂದ ಎಸೆದಾಗ ಬೇಡದ ಗರ ಬಿದ್ದರೆ ಜನ ತಮ್ಮ ಹಣೆಬರಹವನ್ನು ಬಯ್ದುಕೊಳ್ಳುತ್ತಾರೆ. ಅದೇ ಗರ ಮೊಬೈಲಿನ ಲೂಡೊದಲ್ಲಿ ಬಿದ್ದರೆ ‘ಆ್ಯಪ್ ಮೋಸ ಮಾಡುತ್ತದೆ’ ಎಂಬ ಮಾತು ಬರುತ್ತದೆ. ಸಿವಿಲೈಸೇಷನ್ ಆಟಗಳ ರೂವಾರಿ ಸಿಡ್ ಮೈಯರ್ 2010ರ ಗೇಮ್ ತಯಾರಕರ ಸಮ್ಮೇಳನದಲ್ಲಿ ಇಂಥದ್ದೇ ಅನುಭವ ಹೇಳಿಕೊಂಡಿದ್ದರು. ಗೆಲ್ಲುವ ಸಾಧ್ಯತೆ ಮೂರು, ಸೋಲುವ ಸಾಧ್ಯತೆ ಒಂದು ಎಂದು ತೆರೆಯ ಮೇಲೆ ತೋರಿಸಿದಾಗ ಆಡುವವರು ತಾವು ಗೆಲ್ಲಲೇಬೇಕು ಎಂದುಕೊಳ್ಳುತ್ತಿದ್ದರು. ನಾಲ್ಕರಲ್ಲೊಮ್ಮೆ ಸೋಲುವುದು ಲೆಕ್ಕದ ಪ್ರಕಾರ ಸರಿ, ಮನಸ್ಸಿನ ಪ್ರಕಾರ ಅನ್ಯಾಯ. ಅದೇ ಜನ ಕಡಿಮೆ ಸಾಧ್ಯತೆಯ ಹೋರಾಟವನ್ನು ಗೆದ್ದಾಗ ಚಕಾರವೆತ್ತುತ್ತಿರಲಿಲ್ಲ. ಕೊನೆಗೆ ಮೈಯರ್ ತಂಡ ಮನಸ್ಸಿಗೆ ಒಗ್ಗುವಂತೆ ಒಳಗಿನ ಲೆಕ್ಕವನ್ನೇ ಬದಲಿಸಿತು. ಸಣ್ಣ ತಯಾರಕರು ಬಳಸುವ ಇನ್ನೊಂದು ಉಪಾಯ ಚೀಲದ್ದು. ಬರಬೇಕಾದ ಫಲಿತಾಂಶಗಳನ್ನೆಲ್ಲ ಒಂದು ಕಾಲ್ಪನಿಕ ಚೀಲಕ್ಕೆ ಹಾಕಿ, ಅದು ಬರಿದಾಗುವವರೆಗೆ ಒಂದೊಂದಾಗಿ ತೆಗೆಯುವುದು. ಈಚಿನ ಟೆಟ್ರಿಸ್ ಆಟಗಳಲ್ಲಿ ಏಳು ಬಗೆಯ ತುಂಡುಗಳು ಹೀಗೆಯೇ ಬರುತ್ತವೆ. ಬೇಕಾದ ತುಂಡು ಎಷ್ಟು ತಡವಾದರೂ ಅದಕ್ಕೊಂದು ಮಿತಿಯಿರುತ್ತದೆ. ದೂರು ಅದೃಷ್ಟದ ಬಗ್ಗೆ ಇತ್ತು, ಮದ್ದು ಸಿಕ್ಕಿದ್ದು ಕಾಯುವ ಹೊತ್ತಿನಲ್ಲಿ.

ಆಡುವವರ ಹೇಳಿಕೆಯನ್ನು ಓದುವ ಕಲೆಯ ತಿರುಳೂ ಇಷ್ಟೇ. ಎಲ್ಲಿ ನೋಯುತ್ತದೆ ಎಂದು ಹೇಳುವುದರಲ್ಲಿ ಆಡುವವರು ಸುಳ್ಳಾಡುವುದು ಅಪರೂಪ, ಏಕೆ ನೋಯುತ್ತದೆ ಎಂದು ಹೇಳುವುದರಲ್ಲಿ ಅವರು ಎಡವುವುದು ಸಾಮಾನ್ಯ. ‘ಮೂರನೆಯ ಹಂತದ ರಾಕ್ಷಸನಿಗೆ ಬಲ ಜಾಸ್ತಿ, ಕಡಿಮೆ ಮಾಡಿ’ ಎಂದು ಹತ್ತು ಜನ ಬರೆದರೆ ಆ ಹಂತದಲ್ಲಿ ಏನೋ ಸರಿಯಿಲ್ಲ ಎಂಬುದು ಖಂಡಿತ. ಕಾರಣ ಮಾತ್ರ ಬೇರೆಯೇ ಇರಬಹುದು. ರಾಕ್ಷಸ ಪೆಟ್ಟು ಹಾಕುವ ಮುನ್ನ ಕೊಡುವ ಸೂಚನೆ ಸಣ್ಣ ಪರದೆಯಲ್ಲಿ ಕಾಣದೆ ಹೋಗಿರಬಹುದು. ತಪ್ಪಿಸಿಕೊಳ್ಳುವ ಗುಂಡಿಯ ಬಗ್ಗೆ ಮೊದಲ ಹಂತದಲ್ಲಿ ಒಂದೇ ಸಲ ಹೇಳಿ ಬಿಟ್ಟಿರಬಹುದು. ಎರಡನೆಯ ಹಂತದಲ್ಲಿ ಸಿಗುವ ಗುರಾಣಿಯನ್ನು ಅರ್ಧ ಜನ ನೋಡದೆಯೇ ದಾಟಿರಬಹುದು. ಇವೊಂದನ್ನೂ ವಿಚಾರಿಸದೆ ರಾಕ್ಷಸನ ಬಲವನ್ನು ಅರ್ಧಕ್ಕಿಳಿಸಿದರೆ ಗುರಾಣಿ ಸಿಕ್ಕವರಿಗೆ ಆಟ ನೀರಸವಾಗುತ್ತದೆ, ಸಿಗದವರು ನಾಲ್ಕನೆಯ ಹಂತದಲ್ಲಿ ಮತ್ತೆ ಅದೇ ದೂರು ಹೇಳುತ್ತಾರೆ.

ಆದ್ದರಿಂದ ಮಾತಿನ ಜೊತೆಗೆ ಅಂಕಿಗಳೂ ಬೇಕಾಗುತ್ತವೆ. ಆಂಥನಿ ಜೊವಾನೆಟ್ಟಿ ಮತ್ತು ಕೇಸಿ ಯಾನೊ ಎಂಬಿಬ್ಬರು ಮೆಗಾ ಕ್ರಿಟ್ ಎಂಬ ಸಣ್ಣ ಸಂಸ್ಥೆ ಕಟ್ಟಿ ಮಾಡಿದ ‘ಸ್ಲೇ ದ ಸ್ಪೈರ್’ ಎಂಬ ಎಲೆಯಾಟ ಇದಕ್ಕೆ ಹೆಸರಾಯಿತು. 2017ರ ನವೆಂಬರ್‌ನಲ್ಲಿ ಅರ್ಧ ಸಿದ್ಧವಾದ ರೂಪದಲ್ಲಿ ಹೊರಬಂದ ಆಟ ಪೂರ್ಣಗೊಂಡದ್ದು 2019ರ ಜನವರಿಯಲ್ಲಿ. ಆ ಅವಧಿಯಲ್ಲಿ ವಾರವಾರವೂ ತಿದ್ದುಪಡಿಗಳು ಬರುತ್ತಿದ್ದವು. ಮೂರು ಎಲೆ ಮುಂದಿಟ್ಟಾಗ ಜನ ಯಾವುದನ್ನು ಆರಿಸಿಕೊಳ್ಳುತ್ತಾರೆ, ಯಾವ ಎಲೆ ಕೈಯಲ್ಲಿದ್ದವರು ಹೆಚ್ಚು ಗೆಲ್ಲುತ್ತಾರೆ, ಎಷ್ಟನೆಯ ಮಹಡಿಯಲ್ಲಿ ಸಾಯುತ್ತಾರೆ ಎಂಬ ಲೆಕ್ಕವನ್ನು ತಯಾರಕರು ಇಟ್ಟರು. ‘ಈ ಎಲೆ ದಂಡ’ ಎಂದು ಜನ ಬಯ್ಯುತ್ತಿದ್ದು, ಅದನ್ನಿಟ್ಟುಕೊಂಡವರೇ ಹೆಚ್ಚಾಗಿ ಗೆಲ್ಲುತ್ತಿದ್ದರೆ ತಿದ್ದಬೇಕಾದ್ದು ಎಲೆಯ ಬಲವನ್ನಲ್ಲ, ಅದರ ವಿವರಣೆಯನ್ನು. ಅಂಕಿಗಳಿಗೂ ತಮ್ಮದೇ ಬಲೆಗಳಿವೆ ಎಂಬುದನ್ನು ಮರೆಯುವಂತಿಲ್ಲ. ಕಠಿಣವಾದ ಎಲೆಯೊಂದನ್ನು ಪಳಗಿದವರು ಮಾತ್ರ ಎತ್ತಿಕೊಳ್ಳುತ್ತಾರೆ ಎಂದಿಟ್ಟುಕೊಂಡರೆ ಅದರ ಗೆಲುವಿನ ಪ್ರಮಾಣ ಹೆಚ್ಚಿರುವುದು ಅವರ ಕೈಗುಣದಿಂದ, ಎಲೆಯ ಗುಣದಿಂದಲ್ಲ. ಅದನ್ನು ದುರ್ಬಲಗೊಳಿಸಿದರೆ ಕೊನೆಗೆ ಯಾರೂ ಅದನ್ನು ಮುಟ್ಟುವುದಿಲ್ಲ.

ಸಮತೋಲದ ದೂರಿಗಿಂತ ಮುನ್ನಡೆಯ ದೂರು ಹೆಚ್ಚು ಮೌನದ್ದು. ಆಯುಧ ಸರಿಯಿಲ್ಲದಿದ್ದರೆ ಜನ ಜಗಳವಾಡುತ್ತಾರೆ, ಬೇಸರವಾದರೆ ಸುಮ್ಮನೆ ಬಿಟ್ಟು ಹೋಗುತ್ತಾರೆ. ಬೇಸರದ ಮೂಲ ಹೆಚ್ಚಾಗಿ ಒಂದು ಗುಣಾಕಾರದಲ್ಲಿ ಅಡಗಿರುತ್ತದೆ. ಮೊದಲ ಬಡ್ತಿಗೆ 100 ನಾಣ್ಯ, ನಂತರ ಪ್ರತಿಯೊಂದಕ್ಕೂ ಹಿಂದಿನದರ ಇಮ್ಮಡಿ ಎಂದು ತಯಾರಕರು ನಿಯಮ ಮಾಡಿದರೆಂದುಕೊಂಡರೆ, ಕಾಗದದ ಮೇಲೆ ಅದು ಸರಳವಾಗಿ ಕಾಣುತ್ತದೆ. ಹತ್ತನೆಯ ಬಡ್ತಿಯ ಹೊತ್ತಿಗೆ ಬೆಲೆ 51,200 ನಾಣ್ಯವಾಗಿರುತ್ತದೆ. ಗಳಿಕೆ ಅದೇ ವೇಗದಲ್ಲಿ ಏರದಿದ್ದರೆ ಮೊದಲ ಐದು ಬಡ್ತಿ ಒಂದು ಸಂಜೆಯಲ್ಲಿ, ಹತ್ತನೆಯದಕ್ಕೆ ವಾರಗಟ್ಟಲೆ ಒಂದೇ ಕೆಲಸ. ಗೇಮ್ ಆಡುವವರು ಇದನ್ನು ‘ಗ್ರೈಂಡ್’ ಎನ್ನುತ್ತಾರೆ. ತಯಾರಕರು ಇದನ್ನು ಕಾಣದಿರುವುದಕ್ಕೆ ಕಾರಣ ಸರಳವಾದದ್ದು: ಪರೀಕ್ಷೆ ಮಾಡುವಾಗ ಅವರು ನಾಣ್ಯವನ್ನು ದುಡಿಯುವುದಿಲ್ಲ, ಕೋಡಿನಲ್ಲಿ ಬರೆದುಕೊಳ್ಳುತ್ತಾರೆ. ಯಾರು ಯಾವ ಹಂತದಲ್ಲಿ ಆಟ ಮುಚ್ಚಿ ಮತ್ತೆ ತೆರೆಯಲಿಲ್ಲ ಎಂಬ ದಾಖಲೆಯೇ ಇಲ್ಲಿ ನಿಜವಾದ ದೂರಿನ ಪತ್ರ.

ಕಷ್ಟದ ಏರಿಕೆ ಎಲ್ಲರಿಗೂ ಒಂದೇ ಆಗಿರಬೇಕೆ ಎಂಬ ಪ್ರಶ್ನೆ ಮುಂದಿನದು. ಮನಃಶಾಸ್ತ್ರಜ್ಞ ಮಿಹಾಯಿ ಚಿಕ್ಸೆಂಟ್‌ಮಿಹಾಯಿ ಕೆಲಸದಲ್ಲಿ ತನ್ಮಯತೆ ಹುಟ್ಟುವ ಬಗೆಯನ್ನು ವಿವರಿಸಿದ ಮೇಲೆ ಗೇಮ್ ತಯಾರಕರಲ್ಲಿ ಒಂದು ಸೂತ್ರ ಬಳಕೆಗೆ ಬಂತು: ಕೌಶಲಕ್ಕಿಂತ ಸವಾಲು ಹೆಚ್ಚಾದರೆ ಆತಂಕ, ಕಡಿಮೆಯಾದರೆ ಬೇಸರ. ಕೌಶಲ ಒಬ್ಬೊಬ್ಬರದು ಒಂದೊಂದು ಬಗೆ, ಹಾಗಾಗಿ ಒಂದೇ ಏರಿಕೆ ಎಲ್ಲರಿಗೂ ಹಿಡಿಸುವುದು ಕಷ್ಟ. ಹಳ್ಳಿಯ ಮಕ್ಕಳಿಗೆ ಇದಕ್ಕೊಂದು ಪರಿಹಾರ ಗೊತ್ತು. ಆಡಲು ಹಟ ಮಾಡುವ ಪುಟ್ಟ ತಮ್ಮನನ್ನೋ ತಂಗಿಯನ್ನೋ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಔಟಾದರೂ ಅವರು ಹೊರಗೆ ಹೋಗಬೇಕಾಗಿಲ್ಲ, ಆಟದ ಫಲಿತಾಂಶವೂ ಕೆಡುವುದಿಲ್ಲ. 2018ರಲ್ಲಿ ಬಂದ ‘ಸೆಲೆಸ್ಟ್’ ಎಂಬ ಬೆಟ್ಟ ಹತ್ತುವ ಆಟ ತನ್ನ ಕಾಠಿಣ್ಯಕ್ಕೆ ಹೆಸರಾದದ್ದು. ಅದರಲ್ಲೂ ವೇಗ ತಗ್ಗಿಸುವ, ಸಾವೇ ಬಾರದಂತೆ ಮಾಡಿಕೊಳ್ಳುವ ನೆರವಿನ ವಿಧಾನವೊಂದಿದೆ. ‘ಹೇಡೀಸ್’ ಆಟದ ಏರ್ಪಾಟು ಇನ್ನೂ ಜಾಣತನದ್ದು. ನೆರವು ಬೇಕೆಂದವರಿಗೆ ತಾಗುವ ಪೆಟ್ಟು ಮೊದಲು 20 ಪ್ರತಿಶತ ಕಡಿಮೆಯಾಗುತ್ತದೆ, ನಂತರ ಸತ್ತಾಗಲೆಲ್ಲ ಇನ್ನೂ 2 ಪ್ರತಿಶತ, ಗರಿಷ್ಠ 80 ಪ್ರತಿಶತದವರೆಗೆ. ಪದೇ ಪದೇ ಸೋಲುವವರಿಗೆ ಆಟ ತಾನಾಗಿ ಮೆದುವಾಗುತ್ತದೆ, ಎಷ್ಟು ಮೆದುವಾಗಬೇಕೆಂದು ಯಾರೂ ಮೊದಲೇ ಊಹಿಸಬೇಕಾಗಿಲ್ಲ. ಸುಲಭ ಮಾಡಿದರೆ ಗೆಲುವಿನ ಬೆಲೆ ಹೋಯಿತು ಎಂಬ ತಕರಾರು ಪಳಗಿದವರಿಂದ ಬರುವುದುಂಟು. ಒಬ್ಬರೇ ಕೂತು ಆಡುವ ಆಟದಲ್ಲಿ ಪಕ್ಕದ ಮನೆಯವರು ಸುಲಭ ದಾರಿ ಹಿಡಿದರೆ ಯಾರ ಗೆಲುವೂ ಸಣ್ಣದಾಗುವುದಿಲ್ಲ. ಈ ತಕರಾರನ್ನು ಅಷ್ಟಾಗಿ ಲಕ್ಷಿಸಬೇಕಾಗಿಲ್ಲ.

ಇನ್ನು ಯಾರ ಮಾತು ಕಿವಿಗೆ ಬೀಳುತ್ತದೆ ಎಂಬ ಪ್ರಶ್ನೆ. ಬರೆದು ತಿಳಿಸುವವರು ಆಡುವವರಲ್ಲಿ ಒಂದು ಸಣ್ಣ ಪಾಲು, ಅವರಲ್ಲೂ ಹೆಚ್ಚಿನವರು ನೂರಾರು ಗಂಟೆ ಆಡಿದವರು. ಅವರಿಗೆ ಬೇಕಾದದ್ದು ಇನ್ನಷ್ಟು ಕಠಿಣವಾದ ಕೊನೆಯ ಹಂತಗಳು. ಮೊದಲ ಹತ್ತು ನಿಮಿಷದಲ್ಲಿ ದಾರಿ ತಪ್ಪಿ ಬಿಟ್ಟುಹೋದವರು ಬರೆಯುವುದಿಲ್ಲ. ಭಾಷೆ ಇನ್ನೊಂದು ಜರಡಿ. ಬೆಂಗಳೂರಿನಲ್ಲಿ ಕಟ್ಟಿದ ಆಟವೊಂದನ್ನು ಐನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಐಗಳಿಯಲ್ಲೋ ತೆಲಸಂಗದಲ್ಲೋ ಆಡುವ ಕಾಲೇಜು ಹುಡುಗರ ಮುಂದೆ ಬರುವುದು ಇಂಗ್ಲಿಷಿನ ಸೂಚನೆಗಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಅಷ್ಟಿಷ್ಟು ಮರಾಠಿ ಆಡುವ ಗಡಿಭಾಗದ ಹುಡುಗರು ಆ ಸೂಚನೆಗಳನ್ನು ಓದದೆಯೇ ಬೆರಳಾಡಿಸಿ ಕಲಿಯುತ್ತಾರೆ. ಕಲಿಯಲಾಗದಿದ್ದರೆ ಒಂದು ಸ್ಟಾರ್ ಒತ್ತಿ ತೆಗೆದುಹಾಕುತ್ತಾರೆ, ಬರೆದರೂ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಕನ್ನಡ ಪದ. ಯಂತ್ರಕ್ಕೆ ಒಪ್ಪಿಸಿ ಅನುವಾದಿಸಿಕೊಳ್ಳುವ ತಯಾರಕರಿಗೆ ಅದು ಕಸವಾಗಿ ಕಾಣುತ್ತದೆ. ಆ ಎರಡು ಪದಗಳಲ್ಲಿ ‘ಗೊತ್ತಾಗವಲ್ದು’ ಎಂದಿದ್ದರೆ ಅದಕ್ಕಿಂತ ಸ್ಪಷ್ಟವಾದ ದೂರು ಇನ್ನೊಂದಿಲ್ಲ.

ಅಗ್ಗದ ಫೋನು ತನ್ನದೇ ಬಗೆಯಲ್ಲಿ ಸಮತೋಲ ಕೆಡಿಸುತ್ತದೆ ಎಂಬುದೂ ದೊಡ್ಡ ಊರಿನ ತಯಾರಕರಿಗೆ ತಡವಾಗಿ ಹೊಳೆಯುವ ವಿಷಯ. ಕ್ಷಣದೊಳಗೆ ಬೆರಳು ಒತ್ತಬೇಕಾದ ಹಂತವನ್ನು ದುಬಾರಿ ಫೋನಿನಲ್ಲಿ ಹೊಂದಿಸಿಟ್ಟರೆ, ತೆರೆ ತಡವರಿಸುವ ಫೋನಿನಲ್ಲಿ ಅದೇ ಹಂತ ದಾಟಲಾಗದ ಗೋಡೆ. ಬಿಸಿಲಿಗೆ ಹಿಡಿದ ಪರದೆಯಲ್ಲಿ ಕಪ್ಪು ಗವಿಯೊಳಗಿನ ಕಪ್ಪು ಹಾವು ಕಾಣುವುದಿಲ್ಲ. ನೆಟ್‌ವರ್ಕ್ ಹೋದೊಡನೆ ಗಳಿಸಿದ ನಾಣ್ಯ ಮಾಯವಾದರೆ ಮುನ್ನಡೆಯ ಲೆಕ್ಕವೆಲ್ಲ ತಲೆಕೆಳಗು. ಇವೆಲ್ಲ ‘ಆಟ ಬಹಳ ಕಷ್ಟ’ ಎಂಬ ಒಂದೇ ವಾಕ್ಯದಲ್ಲಿ ದೂರಾಗಿ ಬರುತ್ತವೆ.

ಕರ್ನಾಟಕಕ್ಕೆ ಈ ಉದ್ಯಮ ಹೊಸದಲ್ಲ. ಭಾರತದ ಮೊದಮೊದಲ ಗೇಮ್ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರ್‌ಆ್ಯಕ್ಟಿವ್ ಬೆಂಗಳೂರಿನಲ್ಲಿ 1997ರಲ್ಲಿ ಶುರುವಾಯಿತು. ಅದು ಹೆಸರು ಮಾಡಿದ್ದು ಹೆಚ್ಚಾಗಿ ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಟ್ಟು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ರಾಜ್ಯ ಸರ್ಕಾರ 2012ರಲ್ಲಿ ನೀತಿಯೊಂದನ್ನು ತಂದಿತು, ಈಗ ನಡೆಯುತ್ತಿರುವುದು 2024ರಿಂದ 2029ರವರೆಗಿನ ನೀತಿ. ಹೊರಗಿನವರಿಗೆ ಚಿತ್ರ ಬಿಡಿಸಿಕೊಡುವ ಕೆಲಸದಲ್ಲಿ ಆಟದ ತೂಕ ನೋಡುವ ಪ್ರಮೇಯ ಬರುವುದಿಲ್ಲ, ಅದನ್ನು ನೋಡುವವರು ಆಟ ರೂಪಿಸಿದ ಊರಿನಲ್ಲಿರುತ್ತಾರೆ. ಕಣ್ಣಿಗೆ ಕಟ್ಟುವ ಚಿತ್ರ ಮಾಡಬಲ್ಲವರು ಇಲ್ಲಿ ಬೇಗ ಬೆಳೆದು, ಅಂಕಿ ತೂಗಬಲ್ಲವರು ನಿಧಾನವಾಗಿ ಬೆಳೆಯುತ್ತಿರುವುದಕ್ಕೆ ಇದೊಂದು ಕಾರಣವೆನ್ನಬಹುದು. ತಮ್ಮದೇ ಆಟ ಕಟ್ಟುವ ಸಣ್ಣ ತಂಡಗಳು ಈ ವಿದ್ಯೆಯನ್ನು ಆಡುವವರಿಂದಲೇ ಕಲಿಯಬೇಕಾಗಿದೆ.

ಕಲಿಯುವುದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಆಟವನ್ನು ಎಂದೂ ನೋಡದವರ ಕೈಗೆ ಅವರದೇ ಫೋನಿನಲ್ಲಿ ಕೊಟ್ಟು, ಹಿಂದೆ ಕೂತು, ಬಾಯಿ ಮುಚ್ಚಿಕೊಂಡು ನೋಡುವುದು ಮೊದಲ ಪಾಠ. ‘ಆ ಗುಂಡಿ ಒತ್ತು’ ಎಂದು ಒಮ್ಮೆ ಹೇಳಿಕೊಟ್ಟರೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ಮಾರಾಟವಾದ ಮೇಲೆ ಪ್ರತಿಯೊಬ್ಬರ ಬೆನ್ನ ಹಿಂದೆ ಕೂತು ಹೇಳಿಕೊಡಲು ಸಾಧ್ಯವಿಲ್ಲ. ಸೂಚನೆ ಅರ್ಥವಾಗದಿರುವುದು, ಗುಂಡಿ ಕಾಣದಿರುವುದು ಮುಂತಾದ ತೊಡಕುಗಳು ಐದಾರು ಜನ ಆಡುವಷ್ಟರಲ್ಲಿ ಬಹುಪಾಲು ಹೊರಬೀಳುತ್ತವೆ. ಸಮತೋಲ ಅಷ್ಟು ಬೇಗ ಸಿಗುವುದಿಲ್ಲ. ಹತ್ತರಲ್ಲಿ ಆರು ಜನ ಗೆದ್ದರೆ ಆಟ ಸುಲಭವೋ ಆ ಆರು ಜನ ಗಟ್ಟಿಗರೋ ಹೇಳಲಾಗದು, ಅದಕ್ಕೆ ನೂರಾರು ಆಟಗಳ ಲೆಕ್ಕ ಬೇಕು. ಕೇಳುವ ಪ್ರಶ್ನೆಯೂ ಮುಖ್ಯ. ‘ಆಟ ಹೇಗಿತ್ತು’ ಎಂದರೆ ಎದುರಿಗೆ ಕೂತವರು ಸಂಕೋಚಕ್ಕೆ ‘ಚಲೋ ಐತಿ’ ಎನ್ನುತ್ತಾರೆ. ‘ಎಲ್ಲಿ ಬಿಟ್ಟುಬಿಡಬೇಕು ಅನ್ನಿಸಿತು’, ‘ಸೋತಾಗ ಯಾರ ತಪ್ಪು ಅನ್ನಿಸಿತು’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಸೋತವರು ತಮ್ಮ ತಪ್ಪನ್ನು ತಾವೇ ತೋರಿಸಬಲ್ಲರಾದರೆ ಆ ಹಂತ ಎಷ್ಟೇ ಕಠಿಣವಾಗಿದ್ದರೂ ನ್ಯಾಯವಾಗಿದೆ.

ತಿದ್ದುವಾಗ ಅಳುಕಿ ಸ್ವಲ್ಪ ಸ್ವಲ್ಪವೇ ಬದಲಿಸುವುದರಿಂದ ಹೊತ್ತು ಹಾಳು. ಸಿಡ್ ಮೈಯರ್ ಅವರದೇ ಇನ್ನೊಂದು ಪಾಠ, ಅಂಕಿಯನ್ನು ಇಮ್ಮಡಿ ಮಾಡಬೇಕು, ಇಲ್ಲವೇ ಅರ್ಧಕ್ಕಿಳಿಸಬೇಕು. ಹೋಗಬೇಕಾದ ದಿಕ್ಕು ಯಾವುದೆಂದು ಆಗ ಒಮ್ಮೆಗೇ ಗೊತ್ತಾಗುತ್ತದೆ, ನಂತರ ಸಣ್ಣದಾಗಿ ಹೊಂದಿಸಬಹುದು. ಬಲವಾದದ್ದನ್ನು ಇಳಿಸಬೇಕೋ ದುರ್ಬಲವಾದದ್ದನ್ನು ಏರಿಸಬೇಕೋ ಎಂಬುದು ಇನ್ನೊಂದು ಇಕ್ಕಟ್ಟು. ಕೈಯಲ್ಲಿದ್ದ ಆಯುಧದ ಹರಿತ ಕಡಿಮೆಯಾದರೆ ಜನ ಕಸಿದುಕೊಂಡಂತೆ ಸಿಟ್ಟಾಗುತ್ತಾರೆ. ಅದಕ್ಕೆ ಹೆದರಿ ಉಳಿದವನ್ನೆಲ್ಲ ಏರಿಸುತ್ತ ಹೋದರೆ ರಾಕ್ಷಸರನ್ನೂ ಏರಿಸಬೇಕಾಗುತ್ತದೆ, ಕೊನೆಗೆ ಅಂಕಿಗಳಷ್ಟೇ ಉಬ್ಬಿ ಆಟ ಇದ್ದಲ್ಲಿಯೇ ಇರುತ್ತದೆ.

ಕೆನಡಾದ ರೆಡ್ ಹುಕ್ ಸ್ಟುಡಿಯೋಸ್ ಮಾಡಿದ ‘ಡಾರ್ಕೆಸ್ಟ್ ಡಂಜನ್’ ಈ ಇಕ್ಕಟ್ಟಿಗೆ ಸಿಕ್ಕ ಆಟ. ಅದರಲ್ಲಿ ಶತ್ರುಗಳು ಸಾಲಾಗಿ ನಿಲ್ಲುತ್ತಾರೆ. ಮುಂದಿನವರು ಸತ್ತೊಡನೆ ಹಿಂದಿನವರು ಮುಂದಕ್ಕೆ ಸರಿಯುತ್ತಿದ್ದರಿಂದ ದೂರಕ್ಕೆ ಹೊಡೆಯಬಲ್ಲ ವೀರರಿಗೆ ಬೆಲೆಯೇ ಇರಲಿಲ್ಲ. 2015ರಲ್ಲಿ, ಆಟ ಇನ್ನೂ ಪೂರ್ಣಗೊಳ್ಳುವ ಮುನ್ನವೇ, ತಯಾರಕರು ಸತ್ತವರ ಹೆಣ ಅಲ್ಲಿಯೇ ಬಿದ್ದು ದಾರಿ ತಡೆಯುವಂತೆ ಮಾಡಿದರು. ಲೆಕ್ಕದ ಪ್ರಕಾರ ಸರಿಯಾದ ತಿದ್ದುಪಡಿ. ಹಳೆಯ ರೀತಿಗೆ ತಂತ್ರ ಹೂಡಿಕೊಂಡಿದ್ದವರು ಮಾತ್ರ ಕೆಂಡವಾದರು. ಹೆಣ ಬೇಡವೆಂದವರು ಅದನ್ನು ತೆಗೆದುಹಾಕಿಕೊಳ್ಳುವ ಆಯ್ಕೆಯನ್ನು ತಯಾರಕರು ಆಟದೊಳಗೇ ಇಟ್ಟರು. ಮೂಲ ನಿಯಮವನ್ನು ಹಿಂತೆಗೆದುಕೊಳ್ಳಲಿಲ್ಲ, ದೂರಿದವರನ್ನು ಹೊರಗೂ ಹಾಕಲಿಲ್ಲ. 2016ರ ಜನವರಿಯಲ್ಲಿ ಪೂರ್ಣರೂಪದಲ್ಲಿ ಹೊರಬಂದ ಆಟದಲ್ಲಿಯೂ ಆ ಆಯ್ಕೆ ಉಳಿದುಕೊಂಡಿತು. ಹೆಣದೊಂದಿಗೆ ಆಡುವವರು ಹಾಗೆ, ಇಲ್ಲದೆ ಆಡುವವರು ಹೀಗೆ ಎಂದು ಮನೆಗೊಂದು ಕಾನೂನು ಅಲ್ಲಿಯೂ ಬಂದಂತಾಯಿತು.